ಕಲ್ಲುಹೂವಿನ ಹಳದಿ

ಏಣಿ ಹತ್ತದೆ ಬೋರ್ಡು ಬರೆದು ಹೊಟ್ಟೆ ಹೊರೆದವನು ಲೋಕದಲ್ಲಿ ಬಹುಶಃ ಅವನೊಬ್ಬನೇ. ಊರಿಗೆಲ್ಲ ಅವನು ಬೋರ್ಡಣ್ಣ. ಬೀಗ ರಿಪೇರಿಯವನ ಅಂಗಡಿಗೂ ಕ್ಷೌರದಂಗಡಿಗೂ ನಡುವೆ, ಕೈ ಚಾಚಿದರೆ ಎರಡು ಗೋಡೆಗಳೂ ಸಿಗುವಂಥ ಕೋಣೆಯಲ್ಲಿ ಅವನು ಮೂವತ್ತೆಂಟು ವರ್ಷ ಅಕ್ಷರ ಬರೆದ. ಬೋರ್ಡು ಎಷ್ಟೇ ಎತ್ತರದಲ್ಲಿರಲಿ, ಕಳಚಿಸಿ ಕೆಳಕ್ಕೆ ತರಿಸಿಕೊಳ್ಳುತ್ತಿದ್ದ. ಗೋಡೆಯ ಮೇಲೇ ಬರೆಯಬೇಕಾದ ಪ್ರಸಂಗ ಬಂದರೆ, ಅವನ ಸ್ಟೂಲಿನ ಎತ್ತರ ಎಲ್ಲಿಗೆ ಮುಗಿಯುತ್ತದೋ ಅಕ್ಷರವೂ ಅಲ್ಲಿಗೇ ಮುಗಿಯುತ್ತಿತ್ತು.

"ಬೋರ್ಡಣ್ಣ, ನಿನ್ನ ಬರಹ ಓದೋಕೆ ಮನುಷ್ಯ ಮಂಡಿಯೂರಬೇಕಲ್ಲಯ್ಯ" ಎಂದು ಕ್ಷೌರದವನು ರೇಗಿಸುತ್ತಿದ್ದ.

"ಬಗ್ಗಿ ಓದಿದ್ರೆ ವಿನಯ ಬರುತ್ತೆ. ನಿನಗಂತೂ ಅದು ಬೇಕೇ ಬೇಕು" ಎಂದು ಇವನು ಕುಂಚ ಒರೆಸಿಕೊಳ್ಳುತ್ತಿದ್ದ.

ಆದರೆ ಅವನ ಅಕ್ಷರದ ವಿಷಯದಲ್ಲಿ ಯಾರೂ ತಮಾಷೆ ಮಾಡುವಂತಿರಲಿಲ್ಲ. ಅವನು ಎಳೆದ ಗೆರೆಯ ಅಂಚು ಬ್ಲೇಡಿನಿಂದ ಕೊಯ್ದ ಹಾಗಿರುತ್ತಿತ್ತು. ಒಂದು ಹನಿ ಸೋರಿದರೆ ಇಡೀ ಬೋರ್ಡನ್ನು ಕೆರೆದು ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ಗಿರಾಕಿ "ಇರಲಿ ಬಿಡು, ಯಾರಿಗೆ ಕಾಣುತ್ತೆ" ಎಂದರೆ, "ನನಗೆ ಕಾಣುತ್ತಲ್ಲ" ಎನ್ನುತ್ತಿದ್ದ.

ಇಷ್ಟು ಗಟ್ಟಿಯಾದ ಕೈ ಇದ್ದವನ ಎದೆ ಮಾತ್ರ ಹತ್ತಿಯಷ್ಟು ಹಗುರ. ಎತ್ತರ ಕಂಡರೆ ಭಯ, ಆಳ ಕಂಡರೆ ಭಯ, ನಾಯಿ ಬೊಗಳಿದರೆ ಭಯ, ಬೊಗಳದೆ ಸುಮ್ಮನೆ ನೋಡಿದರೆ ಇನ್ನೂ ಭಯ. ತಾಯಿಯಿಲ್ಲದ ಅವನನ್ನು ಸಾಕಿದವಳು ಹತ್ತು ವರ್ಷ ಹಿರಿಯಳಾದ ಅಕ್ಕ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ರಕ್ತ, ನರಳಾಟ, ಸಾವು ಎಲ್ಲವನ್ನೂ ಹತ್ತಿರದಿಂದ ಕಂಡ ಅವಳಿಗೆ ತಮ್ಮನ ಪುಕ್ಕಲುತನವೊಂದು ಮುಗಿಯದ ಸೋಜಿಗ. "ನಮ್ಮವನು ಸರ್ಕಸ್ಸಿನ ಬೋರ್ಡಿಗೆ ಹುಲಿ ಬರೀತಾನೆ, ಇಲಿ ಬಂದ್ರೆ ಸ್ಟೂಲ್ ಹತ್ತುತಾನೆ" ಎಂದು ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಂಥವನನ್ನು ಬೆಟ್ಟಕ್ಕೆ ಎಳೆದದ್ದೂ ಅವಳೇ. ಐವತ್ತು ದಾಟಿದ ಮೇಲೆ ಟರ್ಪೆಂಟೈನಿನ ವಾಸನೆ ಅವನ ಎದೆಗೂಡಿಗೆ ಇಳಿದು ಕೆಮ್ಮು ಹತ್ತಿತು. ವಾರಕ್ಕೆ ಒಂದು ದಿನವಾದರೂ ಒಳ್ಳೆಯ ಗಾಳಿಯಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದರು. ಊರಿನ ಕೊನೆಯ ಬಸ್ ನಿಲ್ದಾಣದಿಂದ ಎರಡು ಮೈಲಿ ನಡೆದರೆ ಬೆಟ್ಟದ ಕಾಡು. ಮೊದಲ ಭಾನುವಾರ ಅವನು ಅಕ್ಕನ ಚೀಲದ ಪಟ್ಟಿ ಹಿಡಿದುಕೊಂಡು, ಇಳಿಜಾರನ್ನು ನೋಡಬಾರದೆಂದು ತಲೆ ತಗ್ಗಿಸಿ, ತನ್ನ ಪಾದದ ಮುಂದಿನ ಎರಡಡಿ ನೆಲವನ್ನಷ್ಟೇ ನೋಡುತ್ತ ಹತ್ತಿದ.

ಆ ಎರಡಡಿ ನೆಲವೇ ಅವನನ್ನು ಮರುಳು ಮಾಡಿತು. ಉಳಿದವರು ಶಿಖರ, ಆಕಾಶ, ದೂರದ ಹೊಳೆ ಎಂದು ಬಾಯಿ ಬಿಟ್ಟು ನೋಡುವಾಗ ಇವನು ಪಾಚಿಯ ಮೇಲೆ ನಿಂತ ಹನಿಯೊಳಗೆ ಒಂದು ಇಡೀ ಮರ ತಲೆಕೆಳಗಾಗಿ ನಿಂತದ್ದನ್ನು ಕಂಡ. ಜರೀಗಿಡದ ಸುರುಳಿ ವಾರದಿಂದ ವಾರಕ್ಕೆ ಎಷ್ಟು ಬಿಚ್ಚಿಕೊಂಡಿತೆಂದು ಅಳೆದ. ಸಣ್ಣ ಅಕ್ಷರ ತಿದ್ದಲು ಇಟ್ಟುಕೊಂಡಿದ್ದ ಭೂತಗನ್ನಡಿ ಅಂಗಡಿಯಿಂದ ಜೇಬಿಗೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದು ನಿಲ್ಲಿಸಿದ್ದು ಕಲ್ಲುಹೂವು. ಬಂಡೆಗೆ ಸಿಪ್ಪೆಯ ಹಾಗೆ ಅಂಟಿಕೊಂಡು, ಬೇರಿಲ್ಲದೆ ಎಲೆಯಿಲ್ಲದೆ, ವರ್ಷಕ್ಕೆ ಉಗುರಿನ ಅಂಚಿನಷ್ಟು ಬೆಳೆಯುವ ಆ ಬಣ್ಣದ ತೇಪೆಗಳು. ಪುಸ್ತಕದಲ್ಲಿರುವ ಹೆಸರುಗಳು ಗೊತ್ತಿಲ್ಲದ ಅವನು ತಾನು ಬರೆದ ಬೋರ್ಡುಗಳ ಹೆಸರನ್ನೇ ಅವಕ್ಕೆ ಇಟ್ಟ: ಔಷಧದಂಗಡಿ ಹಸಿರು, ಬ್ಯಾಂಕಿನ ಬೂದಿ, ಬೇಕರಿ ಹಳದಿ.

ಬೇಕರಿ ಹಳದಿಯ ಮೇಲೆ ಅವನಿಗೆ ವಿಶೇಷ ಪ್ರೀತಿ. ಮೊಟ್ಟೆಯ ಹಳದಿಗೆ ಚಿಟಿಕೆ ಇಟ್ಟಿಗೆಪುಡಿ ಬೆರೆಸಿದಂಥ ಬಣ್ಣ. ಅದು ಎಲ್ಲ ಕಲ್ಲಿನ ಮೇಲೂ ಒಂದೇ ಸಮನಾಗಿ ಇರುವುದಿಲ್ಲ, ಹಕ್ಕಿಗಳು ಬಂದು ಕೂರುವ ಕಲ್ಲುಗಳ ಮೇಲೆಯೇ ದಟ್ಟವಾಗಿ ಹಬ್ಬುತ್ತದೆ ಎಂಬುದನ್ನು ಅವನು ತಾನೇ ಕಂಡುಕೊಂಡ. ಹಿಕ್ಕೆಯೇ ಅದಕ್ಕೆ ಗೊಬ್ಬರ. ಶಿಖರದ ಕೆಳಗೆ ಬೆಟ್ಟದ ಭುಜದಂತೆ ಚಾಚಿದ್ದ ಜಾಗದ ಬಲಗಡೆ, ನೆಲ ತಟ್ಟನೆ ಮುಗಿದು ಪ್ರಪಾತ ಶುರುವಾಗುವಲ್ಲಿ ಒಂದು ಬಂಡೆಸಾಲಿತ್ತು. ಕೆಳಗಿನಿಂದ ಏರಿ ಬರುವ ಗಾಳಿಗೆ ರೆಕ್ಕೆಯೊಡ್ಡಲು ಹದ್ದುಗಳು ಅಲ್ಲಿಯೇ ಕೂರುತ್ತಿದ್ದವು. ಆ ಸಾಲಿನಷ್ಟು ಹಳದಿ ಬೆಟ್ಟದಲ್ಲಿ ಮತ್ತೆಲ್ಲೂ ಇರಲಿಲ್ಲ. ಅವನು ಅಂಚಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಕಾಡಿನ ಕೊನೆಯ ಮರವನ್ನು ತಬ್ಬಿಕೊಂಡು ನಿಂತು ಅದನ್ನು ನೋಡುತ್ತಿದ್ದ. ನೋಟ್‌ಪುಸ್ತಕದಲ್ಲಿ ತನ್ನ ಚೆಂದದ ಅಕ್ಷರಗಳಲ್ಲಿ ಬರೆದಿಟ್ಟಿದ್ದ: "ಹದ್ದಿನ ಸಾಲು. ಹಳದಿ ಹೆಚ್ಚಿದಷ್ಟೂ ಅಂಚು ಹತ್ತಿರ."

ಹೀಗೆ ಆರು ವರ್ಷ ಕಳೆದವು. ಮೇಲಿನ ದಾರಿಯ ಗುರುತುಗಳು ಮಾಸಿವೆ, ಬಳಿದುಕೊಡುತ್ತೀರಾ ಎಂದು ಒಂದು ದಿನ ಕಾಡಿನ ಗಾರ್ಡು ಕೇಳಿದ. ಕಲ್ಲಿನಿಂದ ಕಲ್ಲಿಗೆ ಅಂಗೈಯಗಲದ ಕೆಂಪು ಚೌಕಗಳು. ಒಂದರಿಂದ ಇನ್ನೊಂದನ್ನು ಕಾಣುತ್ತ ಜನ ಶಿಖರ ಮುಟ್ಟುವರು. ಗಾರ್ಡು ಕೆಂಪು ಬಣ್ಣದ ಡಬ್ಬಿಯನ್ನೂ ಮುಂದಿಟ್ಟ.

ಬೋರ್ಡಣ್ಣ ಮುಖ ಕಿವುಚಿದ. "ಕೆಂಪಾ? ಬೆಟ್ಟದ ಮೈತುಂಬ ಗಾಯ ಆದಂಗೆ ಕಾಣುತ್ತಲ್ರೀ."

"ಗಾಯವೋ ಗಂಧವೋ, ಜನಕ್ಕೆ ಕಂಡ್ರೆ ಸಾಕು ಬೋರ್ಡಣ್ಣ."

"ಕಾಣೋ ಹಾಗೇ ಮಾಡ್ತೀನಿ. ಆದ್ರೆ ಚೆನ್ನಾಗಿ ಕಾಣೋ ಹಾಗೆ."

ಎರಡು ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಬೇಕರಿ ಹಳದಿಯ ಒಂದು ಚೂರನ್ನು ಗಾಜಿನ ಮೇಲಿಟ್ಟುಕೊಂಡು, ಬಣ್ಣ ಬೆರೆಸಿ, ಒಣಗಿಸಿ, ಹೋಲಿಸಿ, ಮತ್ತೆ ಬೆರೆಸಿದ. ಹೊಳಪಿರಬಾರದೆಂದು ಸೀಮೆಸುಣ್ಣದ ಪುಡಿ ಹಾಕಿದ. ಕೊನೆಗೆ ಕ್ಷೌರದವನನ್ನು ಕರೆದು, "ಇದರಲ್ಲಿ ಕಲ್ಲುಹೂವು ಯಾವುದು, ಬಣ್ಣ ಯಾವುದು ಹೇಳು" ಎಂದ. ಕ್ಷೌರದವನು ತಪ್ಪು ಹೇಳಿದ. ಬೋರ್ಡಣ್ಣ ಆ ದಿನ ಅಂಗಡಿ ಬೇಗ ಮುಚ್ಚಿ, ಮಗುವಿನ ಹಾಗೆ ಕುಣಿಯುತ್ತ ಮನೆಗೆ ಹೋದ.

ಅಯ್ಯೋ, ಅಲ್ಲಿಯೇ ಅವನಿಗೆ ಎಚ್ಚರವಾಗಬೇಕಿತ್ತು. ಆದರೆ ಕಸುಬಿನ ಹೆಮ್ಮೆಯೆಂಬುದು ಎದುರಿಗಿದ್ದ ಕಂಬವನ್ನೂ ಕಾಣಗೊಡುವುದಿಲ್ಲ. ಬಿಸಿಲಿನ ದಿನ ನೋಡಿ ಅರವತ್ತೆರಡು ಕಲ್ಲುಗಳಿಗೆ ಚೌಕ ಬರೆದ, ಒಂದೊಂದರ ಅಂಚೂ ಬ್ಲೇಡಿನಂತೆ. ಅಕ್ಕ ಬೆಟ್ಟದ ಬುಡದ ಕಲ್ಲನ್ನು ಮೊದಲ ಸಲ ನೋಡಿದಾಗ ಒಂದು ಗಳಿಗೆ ಹುಡುಕಿದಳು. "ಎಲ್ಲೋ ಇದೆ ಗುರುತು? ಓ, ಇಲ್ಲಿದೆ! ಬೆಟ್ಟಾನೇ ಬರಕೊಂಡಂಗಿದೆ ಕಣೋ" ಎಂದಳು. ಅದನ್ನು ಅವನು ಬಿರುದಿನಂತೆ ಇಟ್ಟುಕೊಂಡ.

ಮುಂದಿನ ವಾರ ಆ ಗುರುತುಗಳ ದಾರಿಯಲ್ಲಿ ಮೊದಲು ಹತ್ತಿದವಳು ಅಕ್ಕನೇ. ಜೊತೆಗೆ ಅವಳ ಗೆಳತಿ, ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವಳು. ಬೋರ್ಡಣ್ಣ ಕೆಳಗೆ ಗಾರ್ಡಿನ ಕಾವಲು ಚೌಕಿಯಲ್ಲೇ ಉಳಿದ. ಗಾರ್ಡು ಒಂದು ಎಚ್ಚರಿಕೆಯ ಬೋರ್ಡು ಬರೆಸುತ್ತಿದ್ದ. ಮಂಡಿ ಊದಿಸಿಕೊಂಡ ಗಾರ್ಡು ಬೆಂಚಿನ ಮೇಲೆ ಕಾಲು ನೀಡಿ ಕೂತು ಚಹಾ ಕುಡಿಯುತ್ತಿದ್ದ, ಇವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ: "ಮಂಜು ಬಿದ್ದಾಗ ಗುರುತು ಬಿಟ್ಟು ನಡೆಯಬೇಡಿ."

'ಗುರುತು' ಎಂಬಲ್ಲಿಗೆ ಬಂದಿದ್ದಾಗ ಹಲಗೆಯ ಮೇಲಿನ ಬೆಳಕು ಕುಗ್ಗಿತು. ತಲೆಯೆತ್ತಿದ. ಕಾಡಿನ ತುದಿಗಳು ಇರಲಿಲ್ಲ. ಮಂಜು ಮೇಲಿನಿಂದ ಇಳಿಯುತ್ತಿರಲಿಲ್ಲ, ಮರಗಳ ನಡುವಿನಿಂದ ನಡೆದು ಬರುತ್ತಿತ್ತು. ಹತ್ತು ಗಂಟೆಯ ಹಗಲು ತಣ್ಣಗೆ ಬಿಳಿಚಿಕೊಂಡಿತು.

"ಹೆದರಬೇಡಿ" ಎಂದ ಗಾರ್ಡು. "ನಿಮ್ಮ ಗುರುತಿದೆಯಲ್ಲ. ಅದನ್ನೇ ಹಿಡಿದು ಬರ್ತಾರೆ."

ಬೋರ್ಡಣ್ಣ ಇಪ್ಪತ್ತು ಹೆಜ್ಜೆ ದೂರದ ಮೊದಲ ಕಲ್ಲಿನತ್ತ ನೋಡಿದ. ಅಲ್ಲಿ ಅವನು ಬರೆದ ಚೌಕವಿತ್ತು, ಪಕ್ಕದ ಕಲ್ಲಿನಲ್ಲಿ ಕಲ್ಲುಹೂವಿನ ತೇಪೆಯಿತ್ತು. ಮಂಜಿನಲ್ಲಿ ಎರಡೂ ಬರಿಯ ಹಳದಿ ಮಸುಕುಗಳಾಗಿದ್ದವು. ಯಾವುದು ತನ್ನದು? ಕಣ್ಣುಜ್ಜಿ ನೋಡಿದ. ಎಡಗಡೆಯದೋ? ಬಲಗಡೆಯದೋ? ಬರೆದವನಿಗೇ ತಿಳಿಯಲಿಲ್ಲ.

ಕುಂಚ ಕೈಯಿಂದ ಜಾರಿತು. ಮೇಲೆ, ಬೆಟ್ಟದ ಭುಜದಲ್ಲಿ, ದಾರಿ ಎಡಕ್ಕೆ ತಿರುಗುವಲ್ಲಿ ಅವನ ಚೌಕ ಒಂದೇ ಒಂದು. ಬಲಕ್ಕೆ ಹದ್ದಿನ ಸಾಲು, ಒಂದಾದ ಮೇಲೊಂದು ಹಳದಿ ಕಲ್ಲು, ಅಂಚಿನವರೆಗೆ. ಮಂಜಿನಲ್ಲಿ ಹಳದಿಯನ್ನೇ ಹಿಡಿದು ನಡೆಯುವ ಇಬ್ಬರು ಹೆಂಗಸರು.

"ಗಾರ್ಡ್ ಸಾಹೇಬ್ರೇ" ಎಂದಾಗ ಅವನ ದನಿ ಅವನದಾಗಿರಲಿಲ್ಲ. "ನಾನು ಅಕ್ಕನ್ನ ಕೊಂದುಬಿಟ್ಟೆ."

ತಡವರಿಸುತ್ತ ವಿಷಯ ಹೇಳಿದ. ಗಾರ್ಡಿನ ಮುಖವೂ ಬಿಳಿಚಿತು. ವೈರ್‌ಲೆಸ್‌ನಲ್ಲಿ ಕಚೇರಿಗೆ ತಿಳಿಸಿದ; ಜನ ಬರಲು ಎರಡು ಗಂಟೆಯಾಗುತ್ತದೆ ಎಂದರು. ಗಾರ್ಡು ಏಳಲು ಹೋಗಿ ಮಂಡಿ ಹಿಡಿದು ಕೂತುಬಿಟ್ಟ.

"ಎರಡು ಗಂಟೆ ಕಾಯೋಕಾಗಲ್ಲ" ಎಂದ ಬೋರ್ಡಣ್ಣ. ಹಾಗೆಂದವನು ತಾನೇ ಎಂಬುದು ಅವನಿಗೆ ನಂಬಿಕೆಯಾಗಲಿಲ್ಲ. "ಆ ಕೆಂಪು ಡಬ್ಬಿ ಎಲ್ಲಿದೆ?"

ಗಾರ್ಡು ಡಬ್ಬಿ ಕೊಟ್ಟ. ಚೌಕಿಯ ಮುಂದೆ ನೇತು ಹಾಕಿದ್ದ ರೈಲುಕಂಬಿಯ ತುಂಡನ್ನು ತೋರಿಸಿ, "ನಿಮಿಷಕ್ಕೊಂದು ಸಲ ಬಾರಿಸ್ತಾ ಇರ್ತೀನಿ. ಸದ್ದು ಬೆನ್ನಿಗಿರಲಿ" ಎಂದ.

ಮಂಜಿನೊಳಕ್ಕೆ ಹತ್ತು ಹೆಜ್ಜೆ ಇಟ್ಟು ತಿರುಗಿದರೆ ಚೌಕಿಯಿಲ್ಲ. ಮುಂದೆ ಮರವಿಲ್ಲ, ಮರದ ಕಪ್ಪು ಮಾತ್ರ. ಯಾರೋ ಬಗ್ಗಿ ನಿಂತಿದ್ದಾರೆಂದು ಕೂಗಿದರೆ ಅದೊಂದು ಮೋಟು. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುವ ಸದ್ದು ಹಿಂದಿನಿಂದ ಯಾರೋ ನಡೆದು ಬಂದಂತೆ ಕೇಳುತ್ತಿತ್ತು. ಪ್ರತಿ ಹಳದಿಯ ಹತ್ತಿರವೂ ನಿಂತು ಬೆರಳಿನಿಂದ ಮುಟ್ಟಿ ನೋಡಬೇಕಾಯಿತು. ನುಣುಪಾಗಿದ್ದರೆ ಬಣ್ಣ, ತರಿತರಿಯಾಗಿದ್ದರೆ ಕಲ್ಲುಹೂವು. ನುಣುಪಾದದ್ದರ ಮೇಲೆ ಕೆಂಪು ಬಳಿದು ಮುಂದೆ ನಡೆದ. ಬಣ್ಣ ಸೋರಿತು, ಒರೆಸಲಿಲ್ಲ.

ಒಂದು ಕಡೆ ಸಾಲಾಗಿ ಮೂರು ಕಲ್ಲುಗಳೂ ತರಿತರಿಯಾಗಿದ್ದವು. ತಾನೇ ದಾರಿ ತಪ್ಪಿದ್ದ! ಅಲ್ಲೇ ಕೂತುಬಿಟ್ಟ. ಎದೆಯ ಬಡಿತದಲ್ಲಿ ಕಂಬಿಯ ಸದ್ದು ಕೇಳಿಸಲೇ ಇಲ್ಲ. ಮನೆಗೆ ಹೋಗಿ ಹೊದ್ದು ಮಲಗಬೇಕೆನಿಸಿತು. ಮೂರು ವರ್ಷದವನಿದ್ದಾಗ ಗುಡುಗಿಗೆ ಹೆದರಿ ಮಂಚದ ಕೆಳಗೆ ಸೇರಿದವನನ್ನು ಅಕ್ಕ ಕಾಲು ಹಿಡಿದು ಎಳೆದಿರಲಿಲ್ಲ. ತಾನೂ ಮಂಚದ ಕೆಳಗೆ ಬಂದು ಪಕ್ಕದಲ್ಲಿ ಮಲಗಿದ್ದಳು. ಅದು ನೆನಪಾಯಿತು. ಉಸಿರು ಬಿಗಿಹಿಡಿದ. ದೂರದಲ್ಲಿ, ಹತ್ತಿಯೊಳಗಿನಿಂದ ಬಂದಂತೆ, ಒಂದು ಟಣ್ ಕೇಳಿಸಿತು. ಆ ಸದ್ದಿನತ್ತ ತೆವಳುತ್ತ ಹಿಂದಿನ ಗುರುತಿಗೆ ಬಂದು, ಅದಕ್ಕೆ ಬೆನ್ನು ಕೊಟ್ಟು ಮತ್ತೆ ಹತ್ತಿದ.

ಭುಜ ತಲುಪಿದಾಗ ಮರಗಳು ಮುಗಿದವು. ಈಗ ಎಲ್ಲ ದಿಕ್ಕೂ ಒಂದೇ ಬಿಳಿ. ತಿರುವಿನ ಚೌಕವನ್ನು ಮುಟ್ಟಿ ಕಂಡುಹಿಡಿದ. "ಅಕ್ಕಾ!" ಎಂದು ಕೂಗಿದ. ಮಂಜು ಕೂಗನ್ನು ಬಾಯಿಯಿಂದಲೇ ಕಿತ್ತುಕೊಂಡಿತು.

ನೆಲಕ್ಕೆ ಮುಖವಿಟ್ಟು ನೋಡಿದ. ಎಡಗಡೆಯ ಪಾಚಿ ದಿಂಬಿನಂತೆ ಉಬ್ಬಿ, ಹನಿ ಹೊತ್ತು, ಮುಟ್ಟದ ಹಾಗಿತ್ತು. ಬಲಗಡೆಯದು ಹಿಮ್ಮಡಿಗೆ ಸಿಕ್ಕು ಹೊರಳಿ, ಅಡಿಯ ಮಣ್ಣು ಹಸಿಯಾಗಿ ಕಾಣುತ್ತಿತ್ತು. ಒಂದು ಹೆಜ್ಜೆ. ಇನ್ನೊಂದು. ಎರಡು ಜೋಡಿ ಕಾಲು. ಬಲಕ್ಕೆ ಹೋಗಿದ್ದರು.

ಅದೇ ಹೊತ್ತಿಗೆ ಬಿಳಿಯೊಳಗಿನಿಂದ ಒಂದು ಸದ್ದು ಬಂತು. ಏನೋ ಕಲ್ಲಿಗೆ ತಾಗಿದಂತೆ ಟಕ್ಕೆಂದಿತು. ಆಮೇಲೆ ಏನೂ ಇಲ್ಲ. ಆಮೇಲೆ, ಬಹಳ ಕೆಳಗೆ, ಇನ್ನೊಂದು ಟಕ್.

ಬೋರ್ಡಣ್ಣ ಕೈಗಳನ್ನು ನೆಲಕ್ಕೂರಿ ಮಗುವಿನಂತೆ ಅಂಬೆಗಾಲಿಟ್ಟು ಬಲಕ್ಕೆ ಹೊರಟ. ಮೊದಲ ಕಲ್ಲು, ಅಲ್ಲಲ್ಲಿ ಹಳದಿ. ಎರಡನೆಯದು, ಅರ್ಧ ಹಳದಿ. ಪ್ರತಿ ಕಲ್ಲಿನ ಮೇಲೂ ಒಂದು ಕೆಂಪು ಗೀಟು ಹಾಕುತ್ತ ಹೋದ, ಹಿಂದಿರುಗಲು ಅದೇ ಹಿಡಿದುಕೊಳ್ಳುವ ದಾರ. ನಾಲ್ಕನೆಯ ಕಲ್ಲಿಗೆ ಬಂದಾಗ ಮುಖಕ್ಕೆ ಗಾಳಿ ಹೊಡೆಯಿತು, ಎದುರಿನಿಂದಲ್ಲ, ಕೆಳಗಿನಿಂದ. ಹದ್ದುಗಳ ಗಾಳಿ! ನೋಟ್‌ಪುಸ್ತಕದ ಸಾಲು ಕಣ್ಣ ಮುಂದೆ ಬಂತು. ಹಳದಿ ಹೆಚ್ಚಿದಷ್ಟೂ ಅಂಚು ಹತ್ತಿರ. ಐದನೆಯ ಕಲ್ಲು ಪೂರ್ತಿ ಹಳದಿಯಾಗಿತ್ತು.

"ಅಕ್ಕಾ..." ಎಂದು ಪಿಸುಗುಟ್ಟಿದ.

"ಯಾರದು?" ಎಂದಿತು ದನಿ, ಮಾರು ದೂರದಿಂದ. "ನೀನೇನೋ? ನಿಂತ್ಕೊಂಡಿದ್ರೆ ಕೂತ್ಕೋ. ಕೂತಿದ್ರೆ ಮಲಗು."

ಅವನು ನೆಲಕ್ಕೆ ಹಣೆ ಹಚ್ಚಿದ. ಬಿಕ್ಕು ಬಂತು. "ಏನೋ ಬಿದ್ದಿದ್ದು ಕೇಳಿಸ್ತು..."

"ನನ್ನ ಕೋಲು. ಮುಂದಕ್ಕೆ ಚಾಚಿ ತಡವಿದೆ, ನೆಲ ಸಿಗಲಿಲ್ಲ. ಕೈ ಜಾರಿ ಹೋಯ್ತು." ಅಕ್ಕನ ದನಿಯಲ್ಲಿ ಅವನು ಜೀವಮಾನದಲ್ಲಿ ಮೊದಲ ಬಾರಿಗೆ ನಡುಕ ಕೇಳಿದ. ಅದು ಅವನನ್ನು ಪ್ರಪಾತಕ್ಕಿಂತ ಹೆಚ್ಚು ಹೆದರಿಸಿತು.

ಹತ್ತಿರ ತೆವಳಿದಾಗ ಕಂಡರು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದರು. ಟೈಪಿಸ್ಟ್ ಗೆಳತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅವರ ಪಾದಗಳಿಂದ ಒಂದು ಗೇಣಿನಾಚೆ ಹುಲ್ಲು ಮೇಲಕ್ಕೆ ಬಾಗಿ ಅಲ್ಲಾಡುತ್ತಿತ್ತು, ಅದರಾಚೆ ಬರಿಯ ಬಿಳಿ.

"ಮುಂದೆ ಯಾಕೆ ಹೋಗಲಿಲ್ಲ?" ಎಂದು ಕೇಳಿದ, ಕೇಳಬಾರದ್ದನ್ನು ಕೇಳಿದವನಂತೆ.

"ಹೋಗ್ತಿದ್ದೆ. ಈ ಕಲ್ಲಿನ ಗುರುತಿನ ಮೇಲೆ ಕೈಯೂರಿದೆ. ಅಂಚೆಲ್ಲ ಹರಕುಮುರುಕು. ನನ್ನ ತಮ್ಮ ಸತ್ರೂ ಇಂಥ ಅಂಚು ಬಿಡೋನಲ್ಲ, ಇದು ಅವನದಲ್ಲ ಕಣೇ, ಕೂತ್ಕೋ ಅಂದೆ ಇವಳಿಗೆ."

"ತಪ್ಪು ನಂದೇ ಅಕ್ಕಾ. ನಾನೇ ಆ ಬಣ್ಣ..."

"ಗೊತ್ತು. ಮನೆಗೆ ಹೋದ ಮೇಲೆ ಬೈತೀನಿ. ಈಗ ದಾರಿ ತೋರಿಸು."

ಇಳಿಯುವಾಗ ಅವನು ಮುಂದೆ. ಅವನ ಚೀಲದ ಪಟ್ಟಿ ಅಕ್ಕನ ಕೈಯಲ್ಲಿ, ಅಕ್ಕನ ಸೆರಗು ಗೆಳತಿಯ ಕೈಯಲ್ಲಿ. ಕೆಂಪು ಗೀಟಿನಿಂದ ಕೆಂಪು ಗೀಟಿಗೆ, ಮಂಡಿ ತರಚುತ್ತ ಇಳಿದರು. ಒಂದು ಗೀಟು ಕಾಣದಿದ್ದರೆ ಮೂವರೂ ಕಲ್ಲಾಗಿ ನಿಲ್ಲುತ್ತಿದ್ದರು. ಮರಗಳ ನಡುವೆ ಬಂದಾಗ ಟಣ್ ಎಂಬ ಸದ್ದು ಕಿವಿಗೆ ಬಿತ್ತು. ಟೈಪಿಸ್ಟ್ ಗೆಳತಿ ಆಗ ಮೊದಲ ಬಾರಿಗೆ ಬಾಯಿ ತೆರೆದಳು. "ಯಾರಪ್ಪ ಆ ಪುಣ್ಯಾತ್ಮ? ತಾಳ ತಪ್ಪಿಸ್ತಿದ್ದಾನೆ" ಎಂದು ಹೇಳಿ ಅಳತೊಡಗಿದಳು.

ಚೌಕಿಯಲ್ಲಿ ಅರ್ಧ ಬರೆದಿಟ್ಟಿದ್ದ ಹಲಗೆಯ ಮೇಲೆ ಮಂಜಿನ ನೀರು ಹರಿದು ಅಕ್ಷರಗಳು ಕಲಸಿಹೋಗಿದ್ದವು. ಬೋರ್ಡಣ್ಣ ಅದನ್ನು ಕೆರೆದು ಮರುವಾರ ಹೊಸದಾಗಿ ಬರೆದುಕೊಟ್ಟ: "ಮಂಜು ಬಿದ್ದರೆ ಇದ್ದಲ್ಲೇ ಕೂರಿ." ಅರವತ್ತೆರಡು ಚೌಕಗಳಿಗೂ ಕೆಂಪು ಬಳಿದ, ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗಿ. ಹದ್ದಿನ ಸಾಲಿನಲ್ಲಿ ಅಂದು ಹಾಕಿದ್ದ ಗೀಟುಗಳನ್ನು ಕೆರೆದು, ಇತ್ತ ದಾರಿಯಿಲ್ಲವೆಂದು ಮೊದಲ ಕಲ್ಲಿಗೆ ಅಡ್ಡಡ್ಡ ಎರಡು ಗೀಟು ಹಾಕಿದ. ಬಣ್ಣ ಸೋರಿತು, ಹಾಗೆಯೇ ಬಿಟ್ಟ. ಅಕ್ಕ ಬೈಯುತ್ತೇನೆಂದವಳು ಬೈಯಲಿಲ್ಲ. ಹೊಸ ಕೋಲನ್ನೂ ಕೊಳ್ಳಲಿಲ್ಲ. ಅವಳು ಮತ್ತೆ ಆ ದಾರಿ ಹಿಡಿಯಲಿಲ್ಲ.

ಅವನು ಮಾತ್ರ ಹೋಗುತ್ತಿದ್ದ, ಒಬ್ಬನೇ, ಬಿಸಿಲಿದ್ದರೂ ಪ್ರತಿ ಗುರುತನ್ನೂ ಬೆರಳಿನಿಂದ ಮುಟ್ಟುತ್ತ. ಮಂಜು ಬಿದ್ದ ಬೆಳಗು ಊರಿನಲ್ಲಿದ್ದರೆ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಕೈ ಚಾಚಿ ಎರಡು ಗೋಡೆಗಳನ್ನೂ ಹಿಡಿದುಕೊಂಡು ಒಳಗೆ ಕೂತಿರುತ್ತಿದ್ದನೆಂದು ಕ್ಷೌರದವನು ಹೇಳುತ್ತಿದ್ದ, ಆ ಮಾತನ್ನು ಮಾತ್ರ ರೇಗಿಸದೆ.

ಒಮ್ಮೆ ಪರವೂರಿನ ಒಬ್ಬ ಮಹನೀಯರು ಬೆಟ್ಟ ಇಳಿದು ಚೌಕಿಗೆ ಬಂದು ಗಾರ್ಡಿನ ಮುಂದೆ ಸಿಡಿಮಿಡಿಗೊಂಡರು.

"ಅಷ್ಟು ಚೆಂದದ ಬೆಟ್ಟ ಕಣ್ರೀ. ಯಾವ ಅಡ್ಡಕಸುಬಿ ಬಳಿದಿದ್ದು ಆ ಕೆಂಪು? ಸೋರಿ, ಹರಡಿ, ಥೂ!"

ಬೆಂಚಿನ ತುದಿಯಲ್ಲಿ ಕೂತಿದ್ದ ಬೋರ್ಡಣ್ಣ ಎದ್ದು ನಿಂತ. "ನಾನೇ ಸಾರ್. ದೂರದಿಂದ ಕಂಡಿತಾ?"

"ಕಾಣದೆ ಏನ್ರೀ? ಮೈಲಿ ದೂರದಿಂದ ಕಣ್ಣಿಗೆ ಹೊಡೆಯುತ್ತೆ!"

"ಒಂದೂ ತಪ್ಪದೆ ಕಂಡಿತಾ?"

"ಒಂದೂ ತಪ್ಪದೆ."

"ಹಾಗಾದ್ರೆ ಸರಿ" ಎಂದ ಬೋರ್ಡಣ್ಣ, ಮತ್ತೆ ಕೂತುಕೊಂಡ.